ಗುರುತಿನ ಚೀಟಿಯಲ್ಲಿ ಆರೋಗ್ಯದ ವಿವರ: ಎಷ್ಟು, ಏಕೆ, ಯಾರಿಗೆ?

ಸುವರ್ಣ ಮಹೋತ್ಸವದ ನೆನಪಿಗಾಗಿ ನಮ್ಮ ಶಾಲೆಯ ಮಕ್ಕಳಿಗೆಲ್ಲ ಹೊಸ ಗುರುತಿನ ಚೀಟಿಗಳನ್ನು ಕೊಡಬೇಕೆಂದು ಸಮಿತಿಯವರು ನಿರ್ಧರಿಸಿದ್ದಾರೆ. ಅದರ ಮಾದರಿಯನ್ನು ನನಗೆ ತೋರಿಸಲೆಂದು ಕಾರ್ಯದರ್ಶಿಗಳು ಒಂದು ಸಂಜೆ ಚಿಕಿತ್ಸಾಲಯಕ್ಕೆ ಬಂದಿದ್ದರು. ಮುಂಬದಿಯಲ್ಲಿ ಮಗುವಿನ ಭಾವಚಿತ್ರ, ಹೆಸರು, ತರಗತಿ. ಹಿಂಬದಿಯಲ್ಲಿ ಮನೆಯ ವಿಳಾಸ ಮತ್ತು ‘ರಕ್ತದ ಗುಂಪು’ ಎಂಬ ಒಂದು ಪುಟ್ಟ ಚೌಕ. “ಆರೋಗ್ಯದ ಮಟ್ಟಿಗೆ ಇಷ್ಟು ಸಾಕಲ್ಲವಾ ಡಾಕ್ಟ್ರೇ?” ಎಂದು ಕೇಳಿದರು. ಸಾಕಾಗುವುದಿಲ್ಲ ಎಂದೆ. ಹಾಗಾದರೆ ಏನೆಲ್ಲ ಬೇಕೆಂದು ಅವರು ಕೇಳಿದಾಗ, ಎಲ್ಲವನ್ನೂ ಬರೆಯಲೂ ಬಾರದು ಎಂದೆ. ಅವರಿಗೆ ಗೊಂದಲವಾದದ್ದು ಸಹಜವೇ. ಬಾಯಿಮಾತಿನಲ್ಲಿ ಹೇಳಿದ್ದನ್ನು ಸ್ಮರಣ ಸಂಚಿಕೆಗೆ ಬರೆದುಕೊಡಿ ಎಂದು ಒತ್ತಾಯಿಸಿದ್ದರಿಂದ ಈ ಲೇಖನ ಹುಟ್ಟಿಕೊಂಡಿತು.

ಈ ಶಾಲೆಯ ಆರಂಭದ ವರ್ಷಗಳ ವಿದ್ಯಾರ್ಥಿಗಳಲ್ಲಿ ನಾನೂ ಒಬ್ಬ. ವೈದ್ಯಕೀಯ ಶಿಕ್ಷಣ ಮುಗಿಸಿ 1988ರಲ್ಲಿ ಊರಿಗೆ ಮರಳಿದಂದಿನಿಂದ ಇಲ್ಲಿಯೇ ಇದ್ದೇನೆ. ನಮ್ಮದು ಗಡಿಯ ಊರು. ಇಲ್ಲಿ ಕಾಯಿಲೆ ಉಲ್ಬಣಿಸಿದರೆ ರೋಗಿಯನ್ನು ಉತ್ತರಕ್ಕೆ ಮಂಗಳೂರಿಗೆ ಒಯ್ಯಬೇಕು, ಅಥವಾ ದಕ್ಷಿಣಕ್ಕೆ ಕಾಸರಗೋಡು ದಾಟಿ ಕಣ್ಣೂರಿನ ಕಡೆಗೆ. ಆದ್ದರಿಂದ ಇಲ್ಲಿನ ವೈದ್ಯನ ಮುಖ್ಯ ಕೆಲಸಗಳಲ್ಲಿ ಒಂದು, ದೊಡ್ಡ ಆಸ್ಪತ್ರೆಯವರಿಗೆ ಚೀಟಿ ಬರೆದು ಕೊಡುವುದು. ಆ ಚೀಟಿಯಲ್ಲಿ ಒಂದು ಸಾಲು ತಪ್ಪಿದರೆ ಏನಾಗುತ್ತದೆಂಬುದನ್ನು ನಾನು ಕಲಿತದ್ದು ನನ್ನದೇ ತಪ್ಪಿನಿಂದ.

1991ರ ಮಳೆಗಾಲ. ನಮಗೆಲ್ಲ ಕನ್ನಡ ಕಲಿಸಿದ ಪಂಡಿತರು ತೋಟದಲ್ಲಿ ಬಿದಿರಿನ ಮುಳ್ಳು ತುಳಿದು ನಾಲ್ಕು ದಿನ ಯಾರಿಗೂ ಹೇಳದೆ ಇದ್ದರು. ನನ್ನಲ್ಲಿಗೆ ಕರೆತರುವಾಗ ಕಾಲು ಮೊಣಕಾಲಿನವರೆಗೆ ಊದಿಕೊಂಡು ಕೆಂಪಾಗಿತ್ತು. ಜ್ವರದ ತಾಪಕ್ಕೆ ಮಾತು ತೊದಲುತ್ತಿತ್ತು. ರಾತ್ರಿಯಾಗಿತ್ತು, ಹೊರಗೆ ಜೀಪು ಕಾಯುತ್ತಿತ್ತು. ಅವಸರವಸರವಾಗಿ ಚೀಟಿ ಬರೆದೆ. ಜ್ವರ, ನಾಡಿ, ರಕ್ತದೊತ್ತಡ, ಕಾಲಿನ ಸ್ಥಿತಿ, ನಾನು ಕೊಟ್ಟ ಔಷಧ ಎಲ್ಲವನ್ನೂ ಬರೆದೆ. ಎರಡು ವರ್ಷ ಹಿಂದೆ ಪೆನಿಸಿಲಿನ್ ಚುಚ್ಚುಮದ್ದಿಗೆ ಅವರ ಮೈಯೆಲ್ಲ ದದ್ದು ಎದ್ದು ಉಸಿರು ಕಟ್ಟಿದ್ದನ್ನು ನಾನೇ ನನ್ನ ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಗುರುತು ಹಾಕಿಕೊಂಡಿದ್ದೆ. ಅದನ್ನು ಮಾತ್ರ ಬರೆಯಲಿಲ್ಲ. ಜೊತೆಗೆ ಹೋದ ಸೋದರಳಿಯನಿಗೆ ಆ ಸಂಗತಿ ತಿಳಿದಿರಲಿಲ್ಲ. ಪಂಡಿತರು ಹೇಳುವ ಸ್ಥಿತಿಯಲ್ಲಿ ಇರಲಿಲ್ಲ. ಆಸ್ಪತ್ರೆಯವರು ಕ್ರಮದಂತೆ ಮೊದಲು ಪರೀಕ್ಷೆಗೆಂದು ಚರ್ಮದೊಳಗೆ ಅತ್ಯಲ್ಪ ಪ್ರಮಾಣವನ್ನು ಚುಚ್ಚಿದರು. ಅಷ್ಟಕ್ಕೇ ರಕ್ತದೊತ್ತಡ ಕುಸಿಯಿತು. ಅಲ್ಲಿದ್ದ ಕಿರಿಯ ವೈದ್ಯರೊಬ್ಬರು ತಡಮಾಡದೆ ಅಡ್ರಿನಲಿನ್ ಕೊಟ್ಟದ್ದರಿಂದ ಜೀವ ಉಳಿಯಿತು. ಮೂರನೆಯ ದಿನ ನಾನು ನೋಡಲು ಹೋದಾಗ ತಲೆ ತಗ್ಗಿಸಿ ನಿಂತೆ. ಪಂಡಿತರು, “ನಿನಗೆ ಪ್ರಬಂಧ ಬರೆಯುವಾಗಲೂ ಮುಖ್ಯ ವಿಷಯ ಬಿಟ್ಟು ಉಳಿದದ್ದೆಲ್ಲ ಬರೆಯುವ ಅಭ್ಯಾಸ ಇತ್ತು ಮಾರಾಯ” ಎಂದರು.

ಊರಿಗೆ ಬಂದ ಮೇಲೆ ಅವರು ತಾವೇ ಒಂದು ರಟ್ಟಿನ ತುಂಡಿನ ಮೇಲೆ ಮುತ್ತಿನಂಥ ಅಕ್ಷರದಲ್ಲಿ ತಮ್ಮ ಹೆಸರು, ಊರು, ‘ನನಗೆ ಪೆನಿಸಿಲಿನ್ ಔಷಧವು ಒಗ್ಗುವುದಿಲ್ಲ, ಕೊಟ್ಟರೆ ಪ್ರಾಣಾಪಾಯ’ ಎಂದು ಬರೆದು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡರು. ಆರೋಗ್ಯದ ವಿವರವುಳ್ಳ ಗುರುತಿನ ಚೀಟಿ ಎಂಬುದನ್ನು ನಾನು ಮೊದಲು ಕಂಡದ್ದು ಹಾಗೆ.

ಇದೇ ವಿಚಾರ ಜಗತ್ತಿನ ಇನ್ನೊಂದು ಮೂಲೆಯಲ್ಲಿ ಇದಕ್ಕೆ ಬಹಳ ಮೊದಲೇ, ಬಹುತೇಕ ಇಂಥದೇ ಕಾರಣದಿಂದ ಹುಟ್ಟಿತ್ತು. ಅಮೆರಿಕದ ಕ್ಯಾಲಿಫೋರ್ನಿಯಾದ ಟರ್ಲಾಕ್ ಎಂಬ ಊರಿನಲ್ಲಿ ಡಾ. ಮೇರಿಯನ್ ಕಾಲಿನ್ಸ್ ಎಂಬ ವೈದ್ಯರಿದ್ದರು. 1953ರಲ್ಲಿ ಅವರ ಮಗಳು ಲಿಂಡಾಳ ಬೆರಳಿಗೆ ಗಾಯವಾದಾಗ ಧನುರ್ವಾಯು ನಿರೋಧಕ ಸೀರಮ್ಮನ್ನು ಪರೀಕ್ಷೆಗಾಗಿ ತುಸುವೇ ಕೊಟ್ಟರು. ಅಷ್ಟರಿಂದಲೇ ಹುಡುಗಿ ಸಾವಿನ ಅಂಚಿಗೆ ಹೋಗಿ ಬಂದಳು. ಮುಂದೆ ಮನೆಯವರು ಇಲ್ಲದ ಕಡೆ ಅಪಘಾತವಾದರೆ ಯಾರು ಎಚ್ಚರಿಸುತ್ತಾರೆ ಎಂಬ ಚಿಂತೆಯಿಂದ ಅಪಾಯದ ಮಾತನ್ನು ಕೆತ್ತಿದ ಕೈಕಡಗವೊಂದನ್ನು ಅವಳಿಗೆ ಮಾಡಿಸಿದರು. 1956ರಲ್ಲಿ ಅದೇ ‘ಮೆಡಿಕ್ ಅಲರ್ಟ್’ ಎಂಬ ಸಂಸ್ಥೆಯಾಗಿ ಬೆಳೆಯಿತು. ಆ ಕಡಗದಲ್ಲಿ ರೋಗಿಯ ಚರಿತ್ರೆಯೆಲ್ಲ ಇರುವುದಿಲ್ಲ. ಮೊದಲ ಅರ್ಧ ಗಂಟೆಯಲ್ಲಿ ವೈದ್ಯನ ಕೈಯಿಂದ ತಪ್ಪು ನಡೆಯದಂತೆ ತಡೆಯುವ ಮಾತು ಮಾತ್ರ ಇರುತ್ತದೆ.

ಹಾಗಾದರೆ ಅಂಥ ಮಾತುಗಳು ಯಾವುವು? ಒಗ್ಗದ ಔಷಧ ಮೊದಲನೆಯದು. ಎರಡನೆಯದಾಗಿ, ದಿನವೂ ತೆಗೆದುಕೊಳ್ಳುವ ಕೆಲವು ವಿಶೇಷ ಔಷಧಗಳು. ಹೃದಯಕ್ಕೆ ಕೃತಕ ಕವಾಟ ಜೋಡಿಸಿಕೊಂಡವರು ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್‌ನಂಥ ಮಾತ್ರೆ ಸೇವಿಸುತ್ತಾರೆ. ಅಂಥವರು ಬೈಕಿನಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡರೆ, ಹೊರಗೆ ಸಣ್ಣ ಗಾಯ ಕಂಡರೂ ಒಳಗೆ ರಕ್ತಸ್ರಾವ ನಿಲ್ಲದೆ ಹೋಗಬಹುದು. ಮಾತ್ರೆಯ ಸಂಗತಿ ತಿಳಿದ ವೈದ್ಯ ಅವರನ್ನು ನೋಡುವ ರೀತಿಯೇ ಬೇರೆ. ದೀರ್ಘಕಾಲ ಸ್ಟೀರಾಯ್ಡ್ ಸೇವಿಸಿದವರಿಗೆ ಅದು ಒಮ್ಮೆಗೇ ತಪ್ಪಿದರೆ ರಕ್ತದೊತ್ತಡ ಕುಸಿಯುವ ಭಯವಿದೆ. ಇನ್ಸುಲಿನ್ ತೆಗೆದುಕೊಂಡು ಊಟ ತಪ್ಪಿಸಿದ ಮಧುಮೇಹಿಯಂತೂ ಬೆವರುತ್ತ, ತೂರಾಡುತ್ತ, ಅಸಂಬದ್ಧ ಮಾತಾಡುತ್ತ ಕುಸಿಯುತ್ತಾನೆ. ಬಸ್‌ಸ್ಟ್ಯಾಂಡಿನಲ್ಲಿ ಜನ ಅವನನ್ನು ಕುಡುಕನೆಂದು ಬದಿಗೆ ಸರಿಸಿ ಹೋಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಜೇಬಿನಲ್ಲಿ ‘ನಾನು ಮಧುಮೇಹಿ, ಇನ್ಸುಲಿನ್ ತೆಗೆದುಕೊಳ್ಳುತ್ತೇನೆ’ ಎಂಬ ಚೀಟಿ ಇದ್ದಿದ್ದರೆ, ಪಕ್ಕದ ಹೋಟೆಲಿನ ಸಕ್ಕರೆಯೇ ಸಕಾಲದಲ್ಲಿ ಔಷಧವಾಗುತ್ತಿತ್ತು. (ನುಂಗುವಷ್ಟು ಎಚ್ಚರವಿದ್ದರೆ ಮಾತ್ರ, ಪ್ರಜ್ಞೆ ಪೂರ್ತಿ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು.)

ನಮ್ಮ ಕಡೆಗೇ ಹೆಚ್ಚಾಗಿ ಅನ್ವಯಿಸುವ ಇನ್ನೊಂದು ಸಂಗತಿ ಇದೆ. ಮಂಗಳೂರು ಮಲೇರಿಯಾಕ್ಕೆ ಹೆಸರಾದ ನಗರ. ಅಲ್ಲಿಗೆ ಕೆಲಸಕ್ಕೂ ಓದಿಗೂ ಹೋಗಿ ಬರುವ ನಮ್ಮ ಹುಡುಗರು ಅದನ್ನು ಹೊತ್ತು ತಂದದ್ದುಂಟು. ಆ ಬಗೆಯ ಮಲೇರಿಯಾ ಮರುಕಳಿಸದಂತೆ ಕೊಡುವ ಪ್ರೈಮಾಕ್ವಿನ್ ಎಂಬ ಮಾತ್ರೆ ಬಹುಪಾಲು ಜನರಿಗೆ ನಿರಪಾಯ. ಆದರೆ ಜಿ-6-ಪಿ-ಡಿ ಎಂಬ ಕಿಣ್ವದ ಕೊರತೆ ಹುಟ್ಟಿನಿಂದಲೇ ಇರುವವರಿಗೆ ಅದು ಕೆಂಪು ರಕ್ತಕಣಗಳನ್ನು ಒಡೆದುಹಾಕುತ್ತದೆ. ಈ ಕೊರತೆ ಇದೆಯೆಂದು ಒಮ್ಮೆ ಪರೀಕ್ಷೆಯಲ್ಲಿ ತಿಳಿದ ಮೇಲೆ ಅದನ್ನು ಜೀವನಪೂರ್ತಿ ಜೇಬಿನಲ್ಲಿ ಇಟ್ಟುಕೊಳ್ಳುವುದೇ ಬುದ್ಧಿವಂತಿಕೆ. ಕುಸುಮರೋಗ, ಅಂದರೆ ಹಿಮೋಫಿಲಿಯಾ ಇರುವವರ ವಿಷಯವೂ ಹಾಗೆಯೇ.

ಇನ್ನು ಆ ಪುಟ್ಟ ಚೌಕದ ವಿಚಾರ. ರಕ್ತದ ಗುಂಪು ಅಚ್ಚಾಗಿದ್ದರೆ ಅಪಘಾತವಾದಾಗ ಕೂಡಲೇ ರಕ್ತ ಕೊಡಬಹುದೆಂದು ಜನ ನಂಬಿದ್ದಾರೆ. ವಸ್ತುಸ್ಥಿತಿ ಹಾಗಿಲ್ಲ. ಚೀಟಿಯಲ್ಲಿ ಏನೇ ಬರೆದಿರಲಿ, ಯಾವ ರಕ್ತನಿಧಿಯೂ ಅದನ್ನು ನಂಬಿ ರಕ್ತ ಕೊಡುವುದಿಲ್ಲ, ಕೊಡಲೂ ಬಾರದು. ರೋಗಿಯ ರಕ್ತವನ್ನು ಹೊಸದಾಗಿ ತೆಗೆದು, ಗುಂಪನ್ನು ಪರೀಕ್ಷಿಸಿ, ಕೊಡಲಿರುವ ರಕ್ತದೊಡನೆ ಹೊಂದಿಸಿ ನೋಡಿಯೇ ಮುಂದುವರಿಯುತ್ತಾರೆ. ಕ್ಷಣ ಕಾಯಲೂ ಆಗದ ಸಂದರ್ಭವಿದ್ದರೆ ‘ಓ ನೆಗೆಟಿವ್’ ರಕ್ತ ಕೊಡುವ ಪದ್ಧತಿಯಿದೆ. ಅಂದಮೇಲೆ ಆ ಚೌಕದಿಂದ ಚೀಟಿ ಹೊತ್ತವನಿಗೆ ಆಗುವ ಲಾಭ ಅಲ್ಪವೇ. ರಕ್ತದಾನಿಗಳನ್ನು ಹುಡುಕುವವರಿಗೆ ಅದು ಹೆಚ್ಚು ಉಪಯೋಗಿ. ಇದಕ್ಕೊಂದು ಅಪವಾದ ಉಂಟು. 1952ರಲ್ಲಿ ಮುಂಬಯಿಯಲ್ಲಿ ಡಾ. ವೈ. ಎಂ. ಭೇಂಡೆ ಮತ್ತು ಸಂಗಡಿಗರು ಗುರುತಿಸಿದ ‘ಬಾಂಬೆ’ ರಕ್ತದ ಗುಂಪಿನವರು ಸಾಧಾರಣ ಪರೀಕ್ಷೆಯಲ್ಲಿ ‘ಓ’ ಎಂದೇ ತೋರುತ್ತಾರೆ, ಆದರೆ ಅವರಿಗೆ ‘ಓ’ ಗುಂಪಿನ ರಕ್ತವೂ ಆಗುವುದಿಲ್ಲ, ತಮ್ಮದೇ ಗುಂಪಿನವರ ರಕ್ತವೇ ಬೇಕು. ಅಂಥವರು ತಮ್ಮ ಗುಂಪಿನ ಹೆಸರನ್ನು ಹೊತ್ತು ತಿರುಗಲೇಬೇಕು. ನಮ್ಮ ಶಾಲೆಯ ಚೀಟಿಯಲ್ಲಿ ಆ ಚೌಕ ಇರಲಿ, ಬೇಡವೆನ್ನುವುದಿಲ್ಲ. ಅದೊಂದೇ ಇದ್ದರೆ ಎಲ್ಲವೂ ಇದ್ದಂತೆ ಎಂಬ ಭ್ರಮೆ ಬೇಡ.

ಪಂಡಿತರ ರಟ್ಟಿನ ತುಂಡಿಗೆ ಮರಳುತ್ತೇನೆ. 2004ರಲ್ಲಿ ಪಯ್ಯನ್ನೂರಿನಲ್ಲಿದ್ದ ಮಗಳ ಮನೆಗೆ ಹೊರಟ ಅವರು ರೈಲು ಇಳಿಯುವಾಗ ಜಾರಿ ಬಿದ್ದರು. ತಲೆಗೆ ಪೆಟ್ಟಾಗಿ ಎಚ್ಚರ ತಪ್ಪಿತ್ತು. ಅಪರಿಚಿತರು ಆಸ್ಪತ್ರೆಗೆ ಸೇರಿಸಿದರು. ಅಲ್ಲಿನ ದಾದಿ ಜೇಬಿನ ಚೀಟಿಯನ್ನು ಹೊರಗೆ ತೆಗೆದಳು; ಆದರೆ ಅದರಲ್ಲಿದ್ದದ್ದು ಕನ್ನಡ. ಅಲ್ಲಿ ಯಾರಿಗೂ ಅದನ್ನು ಓದಲು ಬರಲಿಲ್ಲ. ಆ ದಿನ ಅವರಿಗೆ ಪೆನಿಸಿಲಿನ್ ಬೇಕಾಗಲಿಲ್ಲ, ಅಷ್ಟೇ. ಕಚೇರಿಗಳಲ್ಲಿ ಕನ್ನಡದ ಅರ್ಜಿ ನಮೂನೆ ಸಿಗಬೇಕೆಂದು ಜೀವನವಿಡೀ ಹೋರಾಡಿದ ಮನುಷ್ಯ, ಗುಣವಾಗಿ ಬಂದ ಮೇಲೆ ನನ್ನಲ್ಲಿಗೆ ಬಂದು ಅದೇ ವಾಕ್ಯವನ್ನು ಮಲಯಾಳದಲ್ಲಿಯೂ ಇಂಗ್ಲಿಷಿನಲ್ಲಿಯೂ ಬರೆಸಿಕೊಂಡರು. “ಕನ್ನಡ ಮೇಲೆಯೇ ಇರಲಿ, ಅದು ನನ್ನ ಗುರುತು. ಕೆಳಗಿನ ಎರಡು ಸಾಲು ನನ್ನನ್ನು ಎತ್ತಿಕೊಂಡು ಹೋಗುವವರಿಗೆ” ಎಂದರು. ಗಡಿಯಲ್ಲಿರುವ ನಮ್ಮಂಥವರ ಚೀಟಿ ಹೇಗಿರಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸೂಚನೆ ನನಗೆ ತಿಳಿಯದು. ಹೊಸೂರಿನವರಿಗೆ ತಮಿಳು, ಅಕ್ಕಲಕೋಟೆಯವರಿಗೆ ಮರಾಠಿ, ಆದೋನಿಯವರಿಗೆ ತೆಲುಗು ಎಂದು ಬದಲಿಸಿಕೊಂಡರಾಯಿತು. ಔಷಧದ ಹೆಸರನ್ನು ಮಾತ್ರ ಇಂಗ್ಲಿಷಿನ ದೊಡ್ಡ ಅಕ್ಷರಗಳಲ್ಲಿ ಬರೆಯಲೇಬೇಕು.

ಇದೆಲ್ಲ ಹಳೆಯ ಕಾಲದ ಕಥೆ, ಈಗ ಎಲ್ಲವೂ ಕಂಪ್ಯೂಟರಿನಲ್ಲಿ ಇದೆಯಲ್ಲ ಎಂದು ಕಿರಿಯರು ಕೇಳಬಹುದು. ಬೇರೆ ದೇಶಗಳಲ್ಲಿ ಈ ದಿಕ್ಕಿನಲ್ಲಿ ಗಣನೀಯ ಕೆಲಸ ನಡೆದಿದೆ. ತೈವಾನಿನಲ್ಲಿ 2002ರಿಂದ 2004ರೊಳಗೆ ಎಲ್ಲರಿಗೂ ಕೊಡಲಾದ ಆರೋಗ್ಯ ವಿಮೆಯ ಕಾರ್ಡಿನ ಚಿಪ್ಪಿನಲ್ಲಿ ಇತ್ತೀಚಿನ ಚಿಕಿತ್ಸೆಗಳ ದಾಖಲೆ, ಒಗ್ಗದ ಔಷಧ, ಅಂಗದಾನದ ಇಚ್ಛೆ ಮೊದಲಾದವನ್ನು ಸೇರಿಸಲು ಅವಕಾಶವಿದೆ. ಜರ್ಮನಿಯಲ್ಲಿ ವಿಮಾ ಕಾರ್ಡಿಗೆ ತುರ್ತು ವಿವರಗಳನ್ನು ಸೇರಿಸುವುದು ರೋಗಿಯ ಇಚ್ಛೆಗೆ ಬಿಟ್ಟದ್ದು. ಸೇರಿಸಿದ್ದರೆ, ರೋಗಿ ಎಚ್ಚರ ತಪ್ಪಿದ್ದಾಗ ಅವನ ಗುಪ್ತಸಂಖ್ಯೆ ಇಲ್ಲದೆಯೇ ವೈದ್ಯರು ತಮ್ಮ ವೃತ್ತಿಯ ಕಾರ್ಡನ್ನು ಬಳಸಿ ಅದನ್ನು ಓದಬಹುದು. ಯಾರು ಬೇಕಾದರೂ ಓದಲಾಗದು, ವೈದ್ಯನಿಗೆ ಅಡ್ಡಿಯೂ ಇಲ್ಲ. ಈ ಏರ್ಪಾಟು ನನಗೆ ಬಹಳ ಹಿಡಿಸಿತು.

ನಮ್ಮ ದೇಶದಲ್ಲಿ 2008ರಲ್ಲಿ ಬಂದ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆಯ ಕಾರ್ಡಿಗೂ ಚಿಪ್ಪಿತ್ತು. ಅದರಲ್ಲಿ ಕುಟುಂಬದವರ ಬೆರಳಚ್ಚು ಇತ್ತು. ವರ್ಷಕ್ಕೆ 30,000 ರೂಪಾಯಿಯ ವಿಮೆಯಲ್ಲಿ ಎಷ್ಟು ಉಳಿದಿದೆಯೆಂಬ ಲೆಕ್ಕವೂ ಇತ್ತು. ಆ ಮನುಷ್ಯನಿಗೆ ಯಾವ ಔಷಧ ಆಗದು ಎಂಬುದು ಇರಲಿಲ್ಲ. ಆಧಾರ್ ಕಾರ್ಡಿನಲ್ಲಿ ಆರೋಗ್ಯದ ವಿವರ ಯಾವುದೂ ಇಲ್ಲ. 2021ರ ಸೆಪ್ಟೆಂಬರ್ 27ರಂದು ದೇಶಾದ್ಯಂತ ಆರಂಭವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಕೊಡುವ ‘ಆಭಾ’ ಎಂಬ 14 ಅಂಕೆಗಳ ಸಂಖ್ಯೆಯನ್ನು ಅನೇಕರು ಆರೋಗ್ಯದ ಕಾರ್ಡೆಂದೇ ತಿಳಿದಿದ್ದಾರೆ. ಆ ಕಾರ್ಡಿನೊಳಗೆ ದಾಖಲೆಗಳು ತುಂಬಿಲ್ಲ. ದಾಖಲೆಗಳು ಆಯಾ ಆಸ್ಪತ್ರೆ, ಪ್ರಯೋಗಾಲಯಗಳಲ್ಲಿಯೇ ಇರುತ್ತವೆ. ಆ ಸಂಖ್ಯೆ ಅವುಗಳನ್ನು ಪೋಣಿಸುವ ದಾರದಂತೆ. ರೋಗಿ ಒಪ್ಪಿದರೆ ಮಾತ್ರ ಒಂದು ಕಡೆಯ ದಾಖಲೆ ಇನ್ನೊಂದು ಕಡೆಗೆ ಕಾಣುತ್ತದೆ, ಆ ಒಪ್ಪಿಗೆ ಸಾಮಾನ್ಯವಾಗಿ ಅವನ ಮೊಬೈಲಿನ ಮೂಲಕ. ದೀರ್ಘಕಾಲದ ಕಾಯಿಲೆಯವರಿಗೆ, ಕಟ್ಟುಗಟ್ಟಲೆ ಕಾಗದ ಹೊತ್ತು ಗಡಿಯ ಆಚೆ ಈಚೆ ಓಡಾಡುವವರಿಗೆ ಇದು ದೊಡ್ಡ ಅನುಕೂಲ. ಆದರೆ ರಸ್ತೆಯ ಬದಿಯಲ್ಲಿ ಎಚ್ಚರ ತಪ್ಪಿ ಬಿದ್ದವನು ಮೊಬೈಲ್ ನೋಡಿ ಒಪ್ಪಿಗೆ ಕೊಡುವುದೆಂತು? ಅವನ ಪರವಾಗಿ ಮಾತಾಡುವುದು ಇಂದಿಗೂ ಜೇಬಿನ ಕಾಗದವೇ. ಮೊಬೈಲನ್ನೇ ಬಳಸುವುದಾದರೆ, ಬೀಗ ತೆರೆಯದೆಯೇ ಕಾಣುವಂತೆ ತುರ್ತು ವಿವರಗಳನ್ನು ಬರೆದಿಡುವ ಸೌಲಭ್ಯ ಈಗಿನ ಬಹುತೇಕ ಫೋನುಗಳಲ್ಲಿದೆ. ಮಕ್ಕಳ ಬಳಿ ಹೇಳಿ ಅದನ್ನು ತುಂಬಿಸಿಕೊಳ್ಳಿ; ಐದು ನಿಮಿಷದ ಕೆಲಸ.

ಇನ್ನು, ಎಲ್ಲವನ್ನೂ ಬರೆಯಬಾರದು ಎಂದೆನಲ್ಲ, ಅದಕ್ಕೆ ಬರುತ್ತೇನೆ.

ಕೆಲವು ವರ್ಷಗಳ ಹಿಂದೆ ಒಂದು ಶಾಲೆಯಲ್ಲಿ (ಅದು ನಮ್ಮದಲ್ಲ) ಹುಡುಗಿಯೊಬ್ಬಳ ಕೊರಳ ಚೀಟಿಯ ಹಿಂದೆ ‘ಅಪಸ್ಮಾರ’ ಎಂದು ಅಚ್ಚು ಹಾಕಿಸಿದ್ದರು. ಉದ್ದೇಶ ಒಳ್ಳೆಯದೇ. ಆದರೆ ವಾರದೊಳಗೆ ಬಸ್ಸಿನಲ್ಲಿ ಅವಳ ಪಕ್ಕ ಯಾರೂ ಕೂರಲಿಲ್ಲ. ತಾಯಿ ಅವಳನ್ನು ನನ್ನಲ್ಲಿಗೆ ಕರೆತಂದದ್ದು ಕಾಯಿಲೆಗಲ್ಲ, ಶಾಲೆಗೆ ಹೋಗುವುದಿಲ್ಲವೆಂದು ಹಟ ಹಿಡಿದದ್ದಕ್ಕೆ. ಇದನ್ನು ಮಕ್ಕಳ ಅಜ್ಞಾನ ಎಂದು ತಳ್ಳಿಹಾಕುವಂತಿಲ್ಲ. ದೇಶದ ಕಾನೂನೇ 1999ರ ತನಕ ಹಿಂದೂ ವಿವಾಹಕ್ಕೆ ಅಪಸ್ಮಾರವನ್ನು ಅಡ್ಡಿಯೆಂದು ಎಣಿಸಿತ್ತು. ಆ ವರ್ಷದ ತಿದ್ದುಪಡಿಯಲ್ಲಿ ಆ ಪದವನ್ನು ತೆಗೆದುಹಾಕಲಾಯಿತು. ಕಾನೂನಿನಿಂದ ಹೋದದ್ದು ಜನರ ಮನಸ್ಸಿನಿಂದ ಅಷ್ಟು ಬೇಗ ಹೋಗುತ್ತದೆಯೇ? ಎಚ್‌ಐವಿ ಸೋಂಕಿನ ವಿಷಯವಂತೂ ಹೇಳುವುದೇ ಬೇಡ. ಅದನ್ನು ಒಪ್ಪಿಗೆಯಿಲ್ಲದೆ ಬಹಿರಂಗಪಡಿಸುವುದನ್ನು ನಿರ್ಬಂಧಿಸುವ ಪ್ರತ್ಯೇಕ ಕಾಯಿದೆಯೇ 2017ರಲ್ಲಿ ಬಂದಿದೆ.

ನಮ್ಮದೇ ರಾಜ್ಯದ ವಯನಾಡಿನ ಆದಿವಾಸಿಗಳಲ್ಲಿ ಮತ್ತು ಚೆಟ್ಟಿ ಸಮುದಾಯದಲ್ಲಿ ಕುಡುಗೋಲು ಕಣದ ರಕ್ತಹೀನತೆ ಇದೆ. 2023ರ ಜುಲೈ 1ರಂದು ಆರಂಭವಾದ ರಾಷ್ಟ್ರೀಯ ಅಭಿಯಾನದಲ್ಲಿ ತಪಾಸಣೆಗೆ ಒಳಗಾದವರಿಗೆ, ಅವರು ರೋಗಿಗಳೋ, ವಾಹಕರೋ, ನಿರೋಗಿಗಳೋ ಎಂಬುದನ್ನು ತಿಳಿಸುವ ಕಾರ್ಡುಗಳನ್ನು ಕೊಡಲಾಗುತ್ತಿದೆ. ವಾಹಕರಿಬ್ಬರು ಮದುವೆಯಾದರೆ ಪ್ರತಿಯೊಂದು ಗರ್ಭದಲ್ಲಿಯೂ ಮಗುವಿಗೆ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು. ಆದ್ದರಿಂದ ಮದುವೆಗೆ ಮೊದಲೇ ತಿಳಿದಿರಲಿ ಎಂಬುದು ಆಶಯ. ವಾಹಕರು ತಾವು ಸಾಮಾನ್ಯವಾಗಿ ಆರೋಗ್ಯವಂತರೇ. ಆದರೂ ಹುಡುಗಿಯ ಕೈಯ ಕಾರ್ಡು ಜಾತಕದಂತೆ ಮನೆಯಿಂದ ಮನೆಗೆ ಹೋಗತೊಡಗಿದರೆ ಅದರ ಭಾರ ಯಾರ ಮೇಲೆ ಬೀಳುತ್ತದೆಂದು ನಾನು ಬಿಡಿಸಿ ಹೇಳಬೇಕಿಲ್ಲ. ಕಾರ್ಡಿನ ಜೊತೆ ಕೂತು ವಿವರಿಸುವವರು ಇದ್ದರೆ ಅದು ಉಪಕಾರ, ಇಲ್ಲದಿದ್ದರೆ ಬರೀ ಹಣೆಪಟ್ಟಿ.

ಖಾಸಗಿತನವು ಪ್ರಜೆಯ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟು 2017ರ ಆಗಸ್ಟ್ 24ರಂದು ತೀರ್ಪು ನೀಡಿದ ಮೊಕದ್ದಮೆಯನ್ನು ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಆಧಾರ್ ಯೋಜನೆಯನ್ನು ಪ್ರಶ್ನಿಸಿ ಅವರು ಅರ್ಜಿ ಹಾಕಿದಾಗ ಅವರ ವಯಸ್ಸು ಎಂಬತ್ತು ದಾಟಿತ್ತು.

ಆರೋಗ್ಯದ ಕಾಗದವೇ ಬಾಗಿಲಾಗಿಯೂ ಬೇಲಿಯಾಗಿಯೂ ನಿಲ್ಲುವುದನ್ನು ನಮ್ಮ ಊರಿನವರು ಯಾವ ಪುಸ್ತಕದ ಸಹಾಯವೂ ಇಲ್ಲದೆ ಬಲ್ಲರು. 2020ರ ಮಾರ್ಚ್ ಕೊನೆಯಲ್ಲಿ ಕೊರೊನಾ ಕಾರಣದಿಂದ ತಲಪಾಡಿಯ ಹೆದ್ದಾರಿಯೂ ಒಳದಾರಿಗಳೂ ಮುಚ್ಚಿದಾಗ, ಮಂಗಳೂರಿನಲ್ಲಿ ಚಿಕಿತ್ಸೆ ಪಡೆಯುತ್ತಿದ್ದ ನಮ್ಮವರು ಈಚೆಯೇ ಉಳಿದರು. ಸಕಾಲಕ್ಕೆ ಆಸ್ಪತ್ರೆ ತಲುಪದೆ ಜೀವ ಬಿಟ್ಟವರ ಸುದ್ದಿಗಳನ್ನು ದಿನವೂ ಓದಿದೆವು. ಏಪ್ರಿಲ್ 1ರಂದು ಕೇರಳ ಹೈಕೋರ್ಟು ತುರ್ತು ಚಿಕಿತ್ಸೆಯ ವಾಹನಗಳಿಗೆ ದಾರಿ ಬಿಡಬೇಕೆಂದು ಆದೇಶಿಸಿತು. ಏಪ್ರಿಲ್ 7ರಂದು ಸುಪ್ರೀಂ ಕೋರ್ಟಿನ ಮುಂದೆ, ರೋಗಿಗಳನ್ನು ಬಿಡುವ ಕ್ರಮದ ಬಗ್ಗೆ ಒಮ್ಮತಕ್ಕೆ ಬರಲಾಗಿದೆಯೆಂದು ತಿಳಿಸಲಾಯಿತು. ಆ ಬಳಿಕ ವೈದ್ಯರ ಪ್ರಮಾಣಪತ್ರವಿದ್ದವರು ದಾಟಿದರು. 2021ರಲ್ಲಿ ಮತ್ತೆ, ಮೂರು ದಿನಗಳೊಳಗಿನ ಪರೀಕ್ಷಾ ವರದಿಯಿಲ್ಲದೆ ಕಾಲೇಜಿಗೆ ಹೋಗುವ ಮಕ್ಕಳೂ ಗಡಿಯಲ್ಲಿ ನಿಂತರು. ಆ ಕ್ರಮಗಳು ಸರಿಯೋ ತಪ್ಪೋ ಎಂಬ ಚರ್ಚೆ ಇಲ್ಲಿ ಬೇಡ. ರೋಗಿಯ ಉಪಯೋಗಕ್ಕೆಂದು ಬರೆದ ಕಾಗದವನ್ನು ತಪಾಸಣೆಯವರ ಕೈಗೂ ಕೊಡಬೇಕಾಗಿ ಬಂದೀತು ಎಂಬ ಎಚ್ಚರದಿಂದಲೇ ಅದರಲ್ಲಿ ಏನು ಬರೆಯಬೇಕೆಂದು ನಿರ್ಧರಿಸಬೇಕು ಎಂಬುದಷ್ಟೇ ನನ್ನ ಮಾತು.

ಇಷ್ಟೆಲ್ಲವನ್ನು ಯೋಚಿಸಿ ಸಮಿತಿಗೆ ನಾನು ಕೊಟ್ಟ ಸಲಹೆ ಹೀಗಿದೆ. ಕೊರಳಲ್ಲಿ ತೂಗುವ ಚೀಟಿಯ ಮೇಲೆ ಯಾವ ಕಾಯಿಲೆಯ ಹೆಸರೂ ಬೇಡ. ಮಗುವಿನ ಹೆಸರು, ಮನೆಯವರ ಎರಡು ದೂರವಾಣಿ ಸಂಖ್ಯೆ, ಬೇಕಿದ್ದರೆ ರಕ್ತದ ಗುಂಪು ಇರಲಿ. ಅದರ ಪ್ಲಾಸ್ಟಿಕ್ ಚೀಲದೊಳಗೆ ಹಿಂದೆ ಮಡಚಿಟ್ಟ ಇನ್ನೊಂದು ಕಾಗದವಿರಲಿ. ಹೊರಗೆ ‘ತುರ್ತು ವಿವರ ಒಳಗಿದೆ’ ಎಂದು ಮೂರು ಭಾಷೆಗಳಲ್ಲಿ ಕಂಡರೆ ಸಾಕು. ಒಳಗಿನ ಕಾಗದವನ್ನು ತಂದೆತಾಯಿ ಒಪ್ಪಿದರೆ ಮಾತ್ರ ತುಂಬಿಸಬೇಕು, ಎಲ್ಲ ಮಕ್ಕಳ ಚೀಲದಲ್ಲೂ ಅಂಥದೊಂದು ಕಾಗದ ಇರಬೇಕು. ಇಲ್ಲವಾದರೆ ಕಾಗದ ಇರುವ ಮಗುವೇ ಬೇರೆಯಾಗಿ ಕಾಣುತ್ತದೆ. ಆಗದ ಔಷಧ, ದಿನವೂ ತೆಗೆದುಕೊಳ್ಳುವ ಔಷಧ, ನೋಡಿದವರು ತಕ್ಷಣ ಮಾಡಬೇಕಾದದ್ದು, ಬರೆದ ತಾರೀಕು: ಇವಿಷ್ಟು ಸಾಕು. ಅಪಸ್ಮಾರದ ಮಗುವಿನ ಕಾಗದದಲ್ಲಿ ಕಾಯಿಲೆಯ ಹೆಸರಿಗಿಂತ ‘ಪಕ್ಕಕ್ಕೆ ಮಲಗಿಸಿ, ಬಾಯಿಗೆ ಏನೂ ಹಾಕಬೇಡಿ, ಕೈಗೆ ಕಬ್ಬಿಣ ಕೊಟ್ಟು ಕಾಯಬೇಡಿ, ಐದು ನಿಮಿಷ ಮೀರಿದರೆ ಆಸ್ಪತ್ರೆಗೆ ಒಯ್ಯಿರಿ’ ಎಂಬುದೇ ಹೆಚ್ಚು ಉಪಯುಕ್ತ.

ತಾರೀಕಿನ ವಿಷಯದಲ್ಲಿ ನಾನು ತುಸು ಹಟಮಾರಿ. ಹಳೆಯ ವಿವರವು ವಿವರವಿಲ್ಲದ್ದಕ್ಕಿಂತ ಅಪಾಯಕಾರಿ. ಯಾವಾಗಲೋ ನಿಲ್ಲಿಸಿದ ಮಾತ್ರೆಯ ಹೆಸರು ವೈದ್ಯನನ್ನು ದಾರಿ ತಪ್ಪಿಸುತ್ತದೆ. ಪಂಡಿತರು 2016ರಲ್ಲಿ, ಎಂಬತ್ತನಾಲ್ಕನೆಯ ವಯಸ್ಸಿನಲ್ಲಿ, ಮನೆಯಲ್ಲಿಯೇ ಶಾಂತವಾಗಿ ತೀರಿಕೊಂಡರು. ಅವರ ಜೇಬಿನಲ್ಲಿದ್ದ ಕೊನೆಯ ಚೀಟಿಯಲ್ಲಿ ಆ ವರ್ಷದ ಯುಗಾದಿಯ ತಾರೀಕಿತ್ತು. ಪ್ರತಿ ಯುಗಾದಿಗೂ ಅವರು ಅದನ್ನು ಹೊಸದಾಗಿ ಬರೆಯುತ್ತಿದ್ದರು.

ಮಕ್ಕಳಿಗೆ ಮಾತ್ರವಲ್ಲ, ಹಳೆ ವಿದ್ಯಾರ್ಥಿಗಳಲ್ಲಿ ನನ್ನ ವಯಸ್ಸಿನವರಿಗೂ ಈ ಕಾಗದ ಬೇಕು. ನಮಗೇ ಹೆಚ್ಚು ಬೇಕೆಂದರೂ ಸರಿ. ಜೂನ್ ತಿಂಗಳಲ್ಲಿ ಶಾಲೆ ತೆರೆದ ಮೇಲಿನ ಮೊದಲ ಎರಡು ಶನಿವಾರ ಮಧ್ಯಾಹ್ನ ನಾನು ಶಾಲೆಯ ಕಚೇರಿಯಲ್ಲಿ ಕೂತಿರುತ್ತೇನೆ. ಸೇವಿಸುತ್ತಿರುವ ಮಾತ್ರೆಗಳ ಖಾಲಿ ಪಟ್ಟಿಗಳನ್ನೂ ಹಳೆಯ ಆಸ್ಪತ್ರೆ ಚೀಟಿಗಳನ್ನೂ ತೆಗೆದುಕೊಂಡು ಬನ್ನಿ. ಮಲಯಾಳದ ಸಾಲುಗಳನ್ನು ನಮ್ಮ ಶಾಲೆಯ ಮಲಯಾಳ ಅಧ್ಯಾಪಿಕೆಯವರು ಬರೆದುಕೊಡಲು ಒಪ್ಪಿದ್ದಾರೆ.